ಅಜ್ಜನ ಅಂಬಾಸಿಡರ್‌ಗೆ ಯಾವ ಆಯಿಲ್?

ಕಳೆದ ಈದ್‌ಗೆ ಸಿಕ್ಕ ಈದಿಯ ದುಡ್ಡನ್ನೆಲ್ಲ ಕೂಡಿಸಿ ನಾನು ಅಜ್ಜನ ಕಾರಿಗೆ ಎಂಜಿನ್ ಆಯಿಲ್ ತಂದೆ. ಅಂಗಡಿಯಲ್ಲಿದ್ದುದರಲ್ಲೇ ಹೆಚ್ಚು ಬೆಲೆಯದು. ಪೂರ್ತಿ ಸಿಂಥೆಟಿಕ್. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದು ಬರೆದಿತ್ತು. ಬೆಲೆ ಜಾಸ್ತಿ ಇದ್ದರೆ ಗುಣವೂ ಜಾಸ್ತಿ ಇರುತ್ತದೆ ಎಂದು ನಾನು ನಂಬಿದ್ದೆ. ಅಜ್ಜನಿಗೆ ಹೇಳದೆ, ಉಪ್ಪನ ಜೊತೆ ಹೋಗಿ ಹಳೆಯ ಆಯಿಲ್ ಇಳಿಸಿ ಹೊಸದನ್ನು ಹಾಕಿಸಿಕೊಂಡು ಬಂದೆ. ಮೂರೇ ವಾರದಲ್ಲಿ ಆ ಕಾರನ್ನು ಗುಜರಿಗೆ ಕೊಡುವ ಮಾತು ನಮ್ಮ ಮನೆಯಲ್ಲಿ ಶುರುವಾಯಿತು.

ಕಾರು 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಅಜ್ಜ ಇಪ್ಪತ್ತೆರಡು ವರ್ಷ ಅದನ್ನು ಬಾಡಿಗೆಗೆ ಓಡಿಸಿದವರು. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಚಿಕ್ಕಮಗಳೂರು ಅವರ ಮಾಮೂಲಿ ದಾರಿ. ಉಪ್ಪನ ಡಿಪ್ಲೊಮಾದ ಫೀಸು, ಇಬ್ಬರು ಅತ್ತೆಯರ ಮದುವೆ, ಮನೆಯ ಹೆಂಚು ಎಲ್ಲವೂ ಅದರ ದುಡಿಮೆಯಿಂದಲೇ ಆದದ್ದು. ಕಿಲೋಮೀಟರ್ ತೋರಿಸುವ ಮೀಟರಿನಲ್ಲಿ ಐದೇ ಅಂಕಿ. ಅದು ಮೂರು ಸಲ ಸೊನ್ನೆಗೆ ಬಂದಿದೆ, ಅಂದರೆ ಗಾಡಿ ಮೂರು ಲಕ್ಷ ಕಿಲೋಮೀಟರ್ ದಾಟಿದೆ. ನಡುವೆ ಒಂದು ಸಲ ಎಂಜಿನ್ ಬೋರ್ ಮಾಡಿಸಿದ್ದಾರೆ. ಈಗ ವಾರಕ್ಕೊಮ್ಮೆ ಪೇಟೆಗೆ, ಅಪರೂಪಕ್ಕೊಮ್ಮೆ ನೆಂಟರ ಮನೆಗೆ ಹೋಗಿಬರುತ್ತದೆ.

ಹೊಸ ಆಯಿಲ್ ಹಾಕಿಸಿದ ಮೊದಲ ವಾರ ಎಂಜಿನ್ ಹಗುರವಾಗಿ ತಿರುಗುತ್ತಿದೆ ಎಂದು ನನಗೆ ಹೆಮ್ಮೆಯಾಯಿತು. ಎರಡನೆಯ ವಾರ ಅಂಗಳದಲ್ಲಿ ಕಾರು ನಿಲ್ಲುವ ಜಾಗದಲ್ಲಿ ಅಂಗೈಯಷ್ಟು ಅಗಲದ ಕಪ್ಪು ಕಲೆ ಕಂಡಿತು. ಮೂರನೆಯ ವಾರ ಪೇಟೆಯಿಂದ ಬರುವಾಗ, ಗಾಡಿ ನಿಲ್ಲಿಸಿ ಎಂಜಿನ್ ಸುಮ್ಮನೆ ತಿರುಗುತ್ತಿದ್ದಾಗ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಿಣಮಿಣ ಎನ್ನತೊಡಗಿತು. ಬಾನೆಟ್ಟಿನ ಒಳಗಿಂದ ಟಕಟಕ ಸದ್ದು. ಪೇಟೆಯ ಒಂದು ವರ್ಕ್‌ಶಾಪಿನವರು ಐದು ನಿಮಿಷ ಕೇಳಿ, "ಎಂಜಿನ್ ಹೋಗಿದೆ. ಪೂರ್ತಿ ಬಿಚ್ಚಬೇಕು. ಆ ದುಡ್ಡಿಗೆ ಈ ಗಾಡಿ ಬಾಳುವುದಿಲ್ಲ" ಅಂದರು. ಉಪ್ಪ ಗುಜರಿಯವರಿಗೆ ಫೋನ್ ಮಾಡಿದರು. ಅಜ್ಜ ಏನೂ ಹೇಳಲಿಲ್ಲ. ಸಂಜೆ ಎಂದಿನಂತೆ ಬಟ್ಟೆ ಹಿಡಿದು ಕಾರು ಒರೆಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬದಲಾದದ್ದು ಒಂದೇ ಸಂಗತಿ, ಅದನ್ನು ಬದಲಾಯಿಸಿದ್ದು ನಾನು. ಬೆಳಗ್ಗೆ ಅಜ್ಜನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಡಬ್ಬಿ ತರಿಸಿ ನೋಡಿ, "ನಾನು ಮೊದಲಿಂದ ಹಾಕಿದ್ದು 20-50. ನನ್ನ ಹತ್ತಿರ ಯಾರೂ ಕೇಳ್ಲಿಲ್ಲ ಅಲ್ವಾ ಮಗಾ" ಅಂದರು. ಸಿಟ್ಟಿನ ಮಾತಲ್ಲ ಅದು. ಆದರೂ ಈ ಲೇಖನ ಬರೆಯುವಾಗಲೂ ನನ್ನ ಕಿವಿಯಲ್ಲಿದೆ.

ಅಜ್ಜನಿಗೆ ಪರಿಚಯವಿದ್ದ ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ಗಾಡಿ ತೆಗೆದುಕೊಂಡು ಹೋದೆವು. ಅಲ್ಲಿ ಕಲಿತದ್ದನ್ನೂ, ನಮ್ಮ ಪಠ್ಯದಲ್ಲೇ ಇದ್ದು ನಾನು ಗಮನಿಸದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಂಬರುಗಳ ಅರ್ಥ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಸ್ನಿಗ್ಧತೆ ಎಂಬ ಪಾಠ ನೆನಪಿದೆಯಲ್ಲ? ಹರಿಯುವುದಕ್ಕೆ ದ್ರವ ಒಡ್ಡುವ ಪ್ರತಿರೋಧವೇ ಸ್ನಿಗ್ಧತೆ. ಒಲೆಯ ಮೇಲಿದ್ದಾಗ ನೀರಿನಂತಿರುವ ಬೆಲ್ಲದ ಪಾಕ ಆರಿದ ಮೇಲೆ ಸೌಟಿನಿಂದ ಇಳಿಯುವುದೇ ಇಲ್ಲ. ಎಂಜಿನ್ ಆಯಿಲ್ ಕೂಡ ಹಾಗೆಯೇ, ಬಿಸಿಯಾದಷ್ಟೂ ತೆಳುವಾಗುತ್ತದೆ. ಸಾಮಾನ್ಯವಾದ ಒಂದು 20ಡಬ್ಲ್ಯೂ-50 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವಷ್ಟು ಮಂದವಾಗಿ 100 ಡಿಗ್ರಿಯಲ್ಲಿ ಇರುವುದಿಲ್ಲ. ಅದರ ಸ್ನಿಗ್ಧತೆ ಹೆಚ್ಚುಕಡಿಮೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಡಬ್ಬಿಯ ಮೇಲಿನ ಎರಡು ಸಂಖ್ಯೆಗಳು ಎಸ್‌ಎಇ ಎಂಬ ಸಂಸ್ಥೆಯ ವರ್ಗೀಕರಣ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸು ಎಂಬುದನ್ನು ಹೇಳುತ್ತದೆ. 20ಡಬ್ಲ್ಯೂ ಆಯಿಲ್ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷೆಯಲ್ಲಿ ಪಾಸಾಗಬೇಕು. 5ಡಬ್ಲ್ಯೂ ಆಯಿಲ್ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಪಾಸಾಗಬೇಕು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಬೆಳಗ್ಗೆಯೂ 20 ಡಿಗ್ರಿಯ ಆಸುಪಾಸು ಇರುತ್ತದೆ. ನಾನು ಹೆಚ್ಚು ದುಡ್ಡು ಕೊಟ್ಟು ಕೊಂಡ ಗುಣಗಳಲ್ಲೊಂದು ನಮ್ಮ ಊರಿನಲ್ಲಿ ಕೆಲಸಕ್ಕೇ ಬಾರದ್ದು.

ಎರಡನೆಯ ಸಂಖ್ಯೆ ನಮಗೆ ಮುಖ್ಯ. ಅದು ಎಂಜಿನ್ ಬಿಸಿಯಾದಾಗ, 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ಅಳತೆಯ ಮಾನ ಸೆಂಟಿಸ್ಟೋಕ್. 30 ದರ್ಜೆಯ ಆಯಿಲ್ 9.3ರಿಂದ 12.5ರ ಒಳಗೆ, 40 ದರ್ಜೆಯದು 12.5ರಿಂದ 16.3ರ ಒಳಗೆ, 50 ದರ್ಜೆಯದು 16.3ರಿಂದ 21.9ರ ಒಳಗೆ ಇರಬೇಕು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಏರುವ ಎಂಜಿನ್ನಿಗೆ ಬೇಕಾದ ಮಾಹಿತಿ ಇದೇ.

ತೆರಪಿನ ಲೆಕ್ಕ

ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅದರ ಮೂಲ. 2014ರಲ್ಲಿ ಉತ್ಪಾದನೆ ನಿಂತಿತು. ಅಜ್ಜನ ಗಾಡಿಯಲ್ಲಿರುವುದು 1489 ಸಿಸಿಯ ಬಿಎಂಸಿ ಬಿ ಸೀರೀಸ್ ಎಂಜಿನ್, ಅದೂ ಬ್ರಿಟನ್ನಿನಲ್ಲೇ ವಿನ್ಯಾಸಗೊಂಡದ್ದು. ಆ ಕಾಲದ ಎಂಜಿನ್‌ಗಳಲ್ಲಿ ತಿರುಗುವ ಭಾಗಗಳ ನಡುವಿನ ತೆರಪು ಇಂದಿನ ಎಂಜಿನ್‌ಗಳಿಗಿಂತ ಹೆಚ್ಚು. ಮೂರು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಅದು ಇನ್ನಷ್ಟು ಹಿಗ್ಗಿರುತ್ತದೆ. ಹಿಗ್ಗಿದರೂ ತಲೆಗೂದಲಿನ ದಪ್ಪದಷ್ಟೇ ಇರಬಹುದು, ಆದರೆ ಎಂಜಿನ್ನಿನ ಆಯುಷ್ಯ ನಿಂತಿರುವುದು ಆ ಕೂದಲೆಳೆಯ ಜಾಗದಲ್ಲಿ ಆಯಿಲ್ ನಿಲ್ಲುವುದರ ಮೇಲೆ.

ಇಲ್ಲಿ ಒಂದು ಲೆಕ್ಕವಿದೆ. ಕಿರಿದಾದ ಸೀಳಿನ ಮೂಲಕ ಹರಿಯುವ ದ್ರವದ ಪ್ರಮಾಣ ಆ ಸೀಳಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ತೆರಪು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಸ್ನಿಗ್ಧತೆಯ ಸಂಬಂಧ ಅಷ್ಟು ಕಡಿದಾದದ್ದಲ್ಲ: ಆಯಿಲ್ ಎರಡು ಪಟ್ಟು ಮಂದವಾದರೆ ಸೋರಿಕೆ ಅರ್ಧವಾಗುತ್ತದೆ, ಅಷ್ಟೇ.

ಮೇಸ್ತ್ರಿಯವರು ಎಂಜಿನ್ನಿಗೆ ಒತ್ತಡ ಅಳೆಯುವ ಗೇಜ್ ಜೋಡಿಸಿದರು. ಚೆನ್ನಾಗಿ ಬಿಸಿಯಾದ ಮೇಲೆ, ಗಾಡಿ ನಿಂತು ಎಂಜಿನ್ ನಿಧಾನ ತಿರುಗುವಾಗ, ನನ್ನ ದುಬಾರಿ ಆಯಿಲ್‌ನಲ್ಲಿ ಮುಳ್ಳು 9 ಪಿಎಸ್‌ಐ ಸುತ್ತ ನಡುಗುತ್ತಿತ್ತು, ಆಗಾಗ ಇನ್ನೂ ಕೆಳಗೆ ಜಾರುತ್ತಿತ್ತು. ಅದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಸಾಮಾನ್ಯ ಮಿನರಲ್ 20ಡಬ್ಲ್ಯೂ-50 ಹಾಕಿ ಅಷ್ಟೇ ಬಿಸಿ ಮಾಡಿ ನೋಡಿದಾಗ 15 ತೋರಿಸಿತು. ದೀಪ ಆರಿತು. ಟಕಟಕ ಸದ್ದು ಬಹುಪಾಲು ಅಡಗಿತು.

ಮನೆಗೆ ಬಂದು ಲೆಕ್ಕ ಹಾಕಿದೆ. 30 ದರ್ಜೆಯ ಆಯಿಲ್‌ಗೆ ಸುಮಾರು 10.5 ಸೆಂಟಿಸ್ಟೋಕ್, 50 ದರ್ಜೆಯದಕ್ಕೆ ಸುಮಾರು 18 ಎಂದಿಟ್ಟುಕೊಂಡರೆ ಅನುಪಾತ 1.7. ಗೇಜಿನಲ್ಲಿ 9ರಿಂದ 15ಕ್ಕೆ ಏರಿದ್ದೂ ಹೆಚ್ಚುಕಡಿಮೆ ಅಷ್ಟೇ. ಪಾಠದ ಪುಸ್ತಕ ಮತ್ತು ಗ್ಯಾರೇಜು ಒಂದೇ ಮಾತು ಹೇಳಿದ್ದು ಕಂಡು ನನಗೆ ಖುಷಿಯಾಯಿತು.

ಆದರೆ ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳಿತು. 1.2ರ ಘನ 1.73. ಅಂದರೆ ಬೇರಿಂಗಿನ ತೆರಪು ಬರೀ 20 ಶೇಕಡಾ ಹಿಗ್ಗಿದರೆ, 30ರಿಂದ 50ಕ್ಕೆ ಏರಿ ಗಳಿಸಿದ್ದೆಲ್ಲ ಅಲ್ಲಿಗೇ ಮುಗಿಯಿತು. ಸರಿಯಾದ ಆಯಿಲ್ ಸವೆತವನ್ನು ತಡೆಯಬಲ್ಲದು, ನಿಧಾನಿಸಬಲ್ಲದು, ಸ್ವಲ್ಪ ಮಟ್ಟಿಗೆ ತುಂಬಿಕೊಡಬಲ್ಲದು. ಸವೆದ ಲೋಹವನ್ನು ಮರಳಿ ತರಲಾರದು. ಡಬ್ಬಿಯ ಮೇಲೆ ಯಾರು ಏನೇ ಬರೆದಿರಲಿ, ಈ ಘನದ ಲೆಕ್ಕವನ್ನು ಯಾವ ಆಯಿಲ್ ಕೂಡ ದಾಟುವುದಿಲ್ಲ.

ಸತು ಮತ್ತು ರಂಜಕ

ಮಂದತನದ ನಂತರ ನೋಡಬೇಕಾದದ್ದು ಆಯಿಲ್‌ಗೆ ಬೆರೆಸಿರುವ ರಾಸಾಯನಿಕ. ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟಿನ ಉಬ್ಬು ಟ್ಯಾಪೆಟ್ ಎಂಬ ಭಾಗದ ಚಪ್ಪಟೆ ಮುಖದ ಮೇಲೆ ನೇರವಾಗಿ ಉಜ್ಜಿಕೊಂಡು ಹೋಗುತ್ತದೆ. ತಾಗುವ ಜಾಗ ಒಂದು ಗೆರೆಯಷ್ಟು. ಭಾರ ವಿಪರೀತ. ಅಲ್ಲಿ ಆಯಿಲ್ ಪದರ ಹಿಂಡಿಹೋದಾಗ ಲೋಹವನ್ನು ಕಾಯುವುದು ಝಡ್‌ಡಿಡಿಪಿ ಎಂಬ ಸಂಯುಕ್ತ. ಅದರಲ್ಲಿ ಸತು, ರಂಜಕ, ಗಂಧಕ ಇರುತ್ತವೆ. ಬಿಸಿ ಮತ್ತು ಒತ್ತಡಕ್ಕೆ ಅದು ಒಡೆದು ಲೋಹದ ಮೇಲೆ ಗಾಜಿನಂಥ ತೆಳುವಾದ ರಕ್ಷಣಾ ಪದರ ಕಟ್ಟುತ್ತದೆ.

ಆದರೆ ರಂಜಕ ಹೊಗೆಯ ಜೊತೆ ಹೋಗಿ ಇಂದಿನ ಕಾರುಗಳ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹೀಗಾಗಿ 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಿಂದ ಮುಂದೆ 5ಡಬ್ಲ್ಯೂ-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ 0.08 ಶೇಕಡಾ ಮೀರಬಾರದು ಎಂಬ ಮಿತಿ ಬಂತು. ಹೊಸ ಕಾರಿಗೆ ಅದು ಸರಿಯಾದ ಕ್ರಮ. 1984ರ ಅಂಬಾಸಿಡರಿನಲ್ಲಿ ಕನ್ವರ್ಟರೂ ಇಲ್ಲ, ಅದಕ್ಕೆ ರಂಜಕ ಕಡಿಮೆಯಾಗಿ ಸಿಗುವ ಲಾಭವೂ ಇಲ್ಲ. 20ಡಬ್ಲ್ಯೂ-50 ದರ್ಜೆಗೆ ಆ ಮಿತಿ ಅನ್ವಯಿಸುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ಎಸ್‌ಎಲ್, ಎಸ್‌ಎನ್ ಎಂಬ ಹೊಸ ಅಕ್ಷರಗಳಿದ್ದರೂ ಹೆದರಬೇಕಾಗಿಲ್ಲ. ಎಸ್‌ನಿಂದ ಶುರುವಾಗುವ ಅಕ್ಷರಗಳು ಪೆಟ್ರೋಲ್ ಎಂಜಿನ್ನಿಗೆ, ಸಿ ಇಂದ ಶುರುವಾಗುವವು ಡೀಸೆಲ್ ಎಂಜಿನ್ನಿಗೆ ಎಂಬುದನ್ನು ನೆನಪಿಟ್ಟರೆ ಸಾಕು.

ಹೊಗೆ ಹೇಳುವ ಮಾತು

ಆಯಿಲ್ ಡಬ್ಬಿ ಮುಟ್ಟುವ ಮೊದಲೇ ಮೇಸ್ತ್ರಿಯವರು ಕೇಳಿದ್ದು ಎರಡು ಪ್ರಶ್ನೆ. ಹೊಗೆ ಯಾವಾಗ ಬರುತ್ತದೆ? ಎಲ್ಲಿಂದ ತೊಟ್ಟಿಕ್ಕುತ್ತದೆ?

ಏರು ಹತ್ತುವಾಗ ಒಂದೇ ಸಮನೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಅಥವಾ ಸಿಲಿಂಡರ್ ಸವೆದಿರಬಹುದು. ಇಳಿಜಾರಿನಲ್ಲಿ ಕಾಲು ತೆಗೆದು ಬಂದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆಂದು ಬಂದರೆ ವಾಲ್ವ್ ಗೈಡ್ ಸಡಿಲವಾಗಿರುವ ಲಕ್ಷಣ. ಇಳಿಯುವಾಗ ಇನ್‌ಟೇಕಿನಲ್ಲಿ ನಿರ್ವಾತ ಹೆಚ್ಚಿ, ಗೈಡಿನ ಸಂದಿಯಿಂದ ಆಯಿಲನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮದು ಎರಡನೆಯ ಬಗೆ. ಖಚಿತಪಡಿಸಿಕೊಳ್ಳಲು ಅವರು ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆದರು. ಮೂರನೆಯದು ಸ್ವಲ್ಪ ಕಡಿಮೆ ಇತ್ತು. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗಿನಲ್ಲಿ ದೋಷವಿದ್ದರೆ ಆಯಿಲ್ ಆ ಸಂದಿಯನ್ನು ಮುಚ್ಚಿ ಒತ್ತಡ ಏರಬೇಕು. ಹೆಚ್ಚು ಏರಲಿಲ್ಲ. ಅಂದರೆ ತೊಂದರೆ ಮೇಲಿನ ವಾಲ್ವುಗಳಲ್ಲಿ. ಪೂರ್ತಿ ಎಂಜಿನ್ ಬಿಚ್ಚಬೇಕಾಗಿಲ್ಲ, ಹೆಡ್ ಮಾತ್ರ ಇಳಿಸಿದರೆ ಸಾಕು.

ತೊಟ್ಟಿಕ್ಕುತ್ತಿದ್ದದ್ದು ಎಂಜಿನ್ನಿನ ಹಿಂಬದಿಯಿಂದ. ಹಳೆಯ ಬಿ ಸೀರೀಸ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಆ ತುದಿಯಲ್ಲಿ ರಬ್ಬರ್ ಸೀಲ್ ಇರುವುದಿಲ್ಲ. ಶಾಫ್ಟಿನ ಮೇಲೆ ಸ್ಕ್ರೂವಿನಂಥ ಸುರುಳಿ ಗೆರೆ ಕೊರೆದಿರುತ್ತಾರೆ. ತಿರುಗುವಾಗ ಅದು ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಗಾಡಿ ನಿಂತಾಗ ತಳ್ಳುವವರಿಲ್ಲ, ಆದ್ದರಿಂದ ನಾಲ್ಕು ಹನಿ ಬೀಳುವುದು ಈ ಎಂಜಿನ್ನಿನ ಸ್ವಭಾವ. ತೆಳು ಆಯಿಲ್ ಹಾಕಿದಾಗ ಹನಿ ಹೋಗಿ ಅಂಗೈಯಷ್ಟು ಕಲೆಯಾಯಿತು. ಹೆಚ್ಚು ಓಡಿದ ಗಾಡಿಗೆಂದು ಮಾರುವ ಕೆಲವು ಆಯಿಲ್‌ಗಳಲ್ಲಿ ರಬ್ಬರ್ ಸೀಲನ್ನು ಮೆತ್ತಗಾಗಿಸುವ ವಸ್ತು ಸೇರಿಸಿರುತ್ತಾರೆ. ರಬ್ಬರ್ ಇರುವ ಕಡೆ ಅದು ಸ್ವಲ್ಪ ಉಪಯೋಗವಾಗಬಹುದು. ರಬ್ಬರೇ ಇಲ್ಲದ ಕಡೆ ಏನು ಮಾಡೀತು?

ಮಂದ ಹೆಚ್ಚಾದರೂ ತಪ್ಪು

ಹಾಗಾದರೆ ಇನ್ನೂ ಮಂದವಾದದ್ದನ್ನು ಹಾಕಿದರಾಯಿತಲ್ಲ ಎಂದು ನಾನೂ ಕೇಳಿದೆ. ಮೇಸ್ತ್ರಿಯವರು ನಕ್ಕರು. ಒತ್ತಡ ಬೇರೆ, ಹರಿವು ಬೇರೆ. ಆಯಿಲ್ ಅತಿ ಮಂದವಾದರೆ ಗೇಜಿನಲ್ಲಿ ಒತ್ತಡ ಜಾಸ್ತಿ ಕಾಣುತ್ತದೆ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ರಾಕರ್‌ಗಳಿಗೆ ಅದು ತಲುಪಲು ತಡವಾಗುತ್ತದೆ. ಸವೆತ ಹೆಚ್ಚುವುದು ಆ ಹೊತ್ತಿನಲ್ಲೇ. ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಒಂದಿಷ್ಟು ಆಯಿಲ್ ಬೇರಿಂಗಿಗೆ ಹೋಗದೆ ವಾಪಸ್ ಚೇಂಬರಿಗೇ ಬೀಳುತ್ತದೆ. ಹಳೆಯ ಗಾಡಿ ಮಾರುವವರು ಕೆಲವರು ಆಯಿಲ್ ಮಂದವಾಗಿಸುವ ದ್ರಾವಣ ಸುರಿದು, ಸದ್ದು ಹೊಗೆ ಎರಡನ್ನೂ ನಾಲ್ಕು ದಿನ ಮುಚ್ಚಿಡುತ್ತಾರೆ. ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಹೋಗಿ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಆಯಿಲ್ ಜೇನಿನ ಹಾಗೆ ಎಳೆಯೆಳೆಯಾಗಿ ಇಳಿದರೆ ಎರಡು ಸಲ ಯೋಚಿಸಬೇಕು.

ಇದರ ಉಲ್ಟಾ ತಪ್ಪನ್ನೂ ಮಾಡಬೇಡಿ. ಈ ಲೇಖನ ಓದಿ ಮನೆಯ ಹೊಸ ಕಾರಿಗೆ 20ಡಬ್ಲ್ಯೂ-50 ಹಾಕಿಸಬೇಡಿ. ಅದರ ತೆರಪುಗಳು ಕಿರಿದು, ಅದರ ಭಾಗಗಳು ತೆಳು ಆಯಿಲ್‌ಗೆಂದೇ ಮಾಡಿದವು. ಆ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಸರಿ. ಅಂಬಾಸಿಡರಿನಲ್ಲೇ ಡೀಸೆಲ್ ಎಂಜಿನ್ ಇದ್ದವು, 1990ರ ದಶಕದಲ್ಲಿ ಇಸುಜು ಪೆಟ್ರೋಲ್ ಎಂಜಿನ್ ಬಂದವು. ಅವುಗಳ ಲೆಕ್ಕ ಬೇರೆ.

ಆಯ್ಕೆಯ ಕ್ರಮ

ನಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಕಾರೋ ಜೀಪೋ ಇರುತ್ತದೆ. ಅವರಿಗಾಗಿ ನಾನು ಕಲಿತ ಕ್ರಮವನ್ನು ಬರೆಯುತ್ತೇನೆ.

ಮೊದಲು, ಗಾಡಿಯನ್ನು ಹೆಚ್ಚು ಕಾಲ ಓಡಿಸಿದವರನ್ನು ಕೇಳಿ. ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಎಷ್ಟು ಕುಡಿಯುತ್ತಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ಎರಡನೆಯದು, ಕೈಪಿಡಿಯಲ್ಲಿ ಹೇಳಿದ ದರ್ಜೆಯಿಂದ ಶುರುಮಾಡಿ. ಎಂಜಿನ್ ಗಟ್ಟಿಯಿದ್ದರೆ 40 ದರ್ಜೆಯೇ ಸಾಕಾಗಬಹುದು. ಬಿಸಿಯಾದಾಗ ಒತ್ತಡ ಕಡಿಮೆಯಾದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಿ.

ಮೂರನೆಯದು, ಎಷ್ಟೋ ವರ್ಷ ಒಂದೇ ಬಗೆಯ ಆಯಿಲ್‌ನಲ್ಲಿ ಓಡಿದ ಎಂಜಿನ್ನಿನೊಳಗೆ ಕಪ್ಪು ಗಸಿ ಇರುತ್ತದೆ. ಬೇರೆ ಆಯಿಲ್ ಹಾಕಿದಾಗ ಅದು ಕಳಚಿಕೊಂಡು ಫಿಲ್ಟರಿಗೆ ಬರಬಹುದು. ಆದ್ದರಿಂದ ಮೊದಲ ಸಲದ ಆಯಿಲ್ ಮತ್ತು ಫಿಲ್ಟರನ್ನು ಬೇಗ ಬದಲಿಸಿ.

ನಾಲ್ಕನೆಯದು, ಬೈಕಿನ ಆಯಿಲನ್ನು ಕಾರಿಗೆ ಹಾಕಬೇಡಿ. ಮಂದತನದ ನಂಬರ್ ಒಂದೇ ಇದ್ದರೂ ಅದರ ಮಿಶ್ರಣ ಬೈಕಿನ ಕ್ಲಚ್ಚಿಗೆ ತಕ್ಕಂತೆ ಮಾಡಿದ್ದು.

ಐದನೆಯದು, ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಬರೆದಿಡಿ. ಹಳೆಯ ಗಾಡಿ ಸಾಯುವುದು ತಪ್ಪು ಆಯಿಲ್‌ನಿಂದ ಮಾತ್ರವಲ್ಲ, ಆಯಿಲ್ ಮುಗಿದದ್ದನ್ನು ಯಾರೂ ನೋಡದಿದ್ದುದರಿಂದಲೂ.

ಕೊನೆಯದು, ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಮರದ ಬುಡಕ್ಕೆ ಹಾಕಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮಳೆಗಾಲದಲ್ಲಿ ಅದು ಹೋಗಿ ಸೇರುವುದು ನಮ್ಮದೇ ಬಾವಿಗೆ. ಡಬ್ಬಿಯಲ್ಲಿ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸಿ ಕಳಿಸುವ ಗ್ಯಾರೇಜಿಗೆ ಕೊಡಿ.

ಗುಜರಿಯವರಿಗೆ ಉಪ್ಪ ಮತ್ತೆ ಫೋನ್ ಮಾಡಿ ಬರುವುದು ಬೇಡ ಅಂದರು. ಹೆಡ್ ಕೆಲಸ ಇನ್ನೂ ಆಗಿಲ್ಲ, ದುಡ್ಡು ಕೂಡಿಸುತ್ತಿದ್ದೇವೆ. ಈಗ ಗಾಡಿ ಸುಮಾರು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ನನ್ನ ಸಿಂಥೆಟಿಕ್ ಬರುವ ಮೊದಲೂ ಅಷ್ಟೇ ಕುಡಿಯುತ್ತಿತ್ತಂತೆ. ಅಂದರೆ ನಾನು ಕಾರನ್ನು ಗುಣಪಡಿಸಿಲ್ಲ, ನಾನೇ ತಂದ ಕಾಯಿಲೆಯನ್ನು ವಾಪಸ್ ತೆಗೆದಿದ್ದೇನೆ ಅಷ್ಟೇ. ಪ್ರತಿ ಶುಕ್ರವಾರ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ಒರೆಸಿ ನೋಡುವ ಕೆಲಸ ಈಗ ನನ್ನದು. ಅಜ್ಜ ಪಕ್ಕದಲ್ಲಿ ನಿಂತಿರುತ್ತಾರೆ. ನಾನು ಅಳತೆ ಹೇಳುತ್ತೇನೆ, ಅವರು ಹೂಂ ಅನ್ನುತ್ತಾರೆ. ಸಂಶಯ ಬಂದರೆ ಡಬ್ಬಿ ಓದುವ ಮೊದಲು ಅವರನ್ನು ಕೇಳುತ್ತೇನೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ